ವೈರಾಣು, ಹೃದಯ, ಸಸ್ಯ: ಒಂದೇ ಹೆಸರಿನಡಿ ಮೂರು ಕ್ಷೇತ್ರಗಳ ಪ್ರಬಂಧಗಳಿದ್ದರೆ ಪರಿಶೀಲಿಸುವುದು ಹೇಗೆ?

ಪಿಎಚ್.ಡಿ.ಗೆ ಮಾರ್ಗದರ್ಶಕರನ್ನು ಹುಡುಕುತ್ತಿರುವ ವಿದ್ಯಾರ್ಥಿಗೋ, ನೇಮಕಾತಿ ಸಮಿತಿಯ ಸದಸ್ಯರಿಗೋ, ವಿಜ್ಞಾನಿಯೊಬ್ಬರ ಹೇಳಿಕೆಯನ್ನು ವರದಿ ಮಾಡಬೇಕಾದ ಪತ್ರಕರ್ತರಿಗೋ ಒಂದೇ ಹೆಸರಿನಡಿ ಡೆಂಗಿ ವೈರಸ್ಸಿನ ಬಗ್ಗೆ ಒಂದು, ಹೃದಯಾಘಾತದ ಬಗ್ಗೆ ಒಂದು, ಭತ್ತದ ಬರ ಸಹಿಷ್ಣುತೆಯ ಬಗ್ಗೆ ಮತ್ತೊಂದು ಪ್ರಬಂಧ ಕಣ್ಣಿಗೆ ಬೀಳುವುದುಂಟು. ಆಗ ಕೆಲವರು ಇಂಥ ಬಹುಮುಖ ಪ್ರತಿಭೆ ಅಪರೂಪ ಎಂದು ಬೆರಗಾಗುತ್ತಾರೆ, ಇನ್ನು ಕೆಲವರು ಇದರಲ್ಲಿ ಏನೋ ಮೋಸವಿದೆ ಎಂದು ಅನುಮಾನಿಸುತ್ತಾರೆ. ಪಟ್ಟಿಯನ್ನು ಓದುವ ಮೊದಲೇ ಈ ಎರಡರಲ್ಲಿ ಯಾವುದನ್ನು ನಂಬಿದರೂ ಒಬ್ಬ ವ್ಯಕ್ತಿಯ ಹೆಸರಿಗೆ ಅನ್ಯಾಯವಾಗುತ್ತದೆ, ಇಲ್ಲವೇ ಅನರ್ಹರಿಗೆ ಮನ್ನಣೆ ಸಿಗುತ್ತದೆ. ಆದ್ದರಿಂದ ಈ ಪ್ರಬಂಧಗಳೆಲ್ಲ ನಿಜಕ್ಕೂ ಒಬ್ಬರವೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಪ್ರತಿಯೊಂದರಲ್ಲೂ ಆ ವ್ಯಕ್ತಿ ಮಾಡಿದ ಕೆಲಸವೇನು ಎಂಬುದನ್ನು ಅನಂತರ ನೋಡಬೇಕು. ಗುಣಮಟ್ಟ ಮತ್ತು ಪ್ರಾಮಾಣಿಕತೆಯ ವಿಚಾರಕ್ಕೆ ಬರುವುದು ಆಮೇಲೆ.

ಇಂಥ ವಿಚಿತ್ರ ಪಟ್ಟಿಗಳ ಹಿಂದೆ ಸಾಮಾನ್ಯವಾಗಿ ಇರುವುದು ಹೆಸರಿನ ಗೊಂದಲ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ, ಪ್ರಬಂಧಗಳ ದತ್ತಾಂಶಕೋಶವಾದ ಪಬ್‌ಮೆಡ್‌ನಲ್ಲಿ 'ಕುಮಾರ್ ಎಸ್' ಎಂದೋ 'ರಾವ್ ಎಸ್' ಎಂದೋ ಹುಡುಕಿದರೆ ಸಾವಿರಾರು ಪ್ರಬಂಧಗಳು ಒಟ್ಟಿಗೇ ಬರುತ್ತವೆ, ಏಕೆಂದರೆ ಆ ಕೋಶ ಲೇಖಕರನ್ನು ಕೊನೆಯ ಹೆಸರು ಮತ್ತು ಮೊದಲಕ್ಷರಗಳಿಂದ ಗುರುತಿಸುತ್ತಾ ಬಂದಿದೆ. ಲೇಖಕರ ಪೂರ್ಣ ಹೆಸರುಗಳು ಅಲ್ಲಿ ಸೇರತೊಡಗಿದ್ದು 2002ರಿಂದ ಈಚೆಗೆ. ಕನ್ನಡಿಗರ ಹೆಸರುಗಳಿಗೆ ಈ ತೊಂದರೆ ಇನ್ನೂ ಹೆಚ್ಚು. ಹಾಸನ ಮೂಲದ, ರಾಮಯ್ಯನವರ ಮಗ ಮಂಜುನಾಥ ಎಂಬ ಒಬ್ಬರಿದ್ದಾರೆ ಎಂದಿಟ್ಟುಕೊಳ್ಳೋಣ. ಅವರು ಊರಿನಲ್ಲಿ ಎಚ್.ಆರ್. ಮಂಜುನಾಥ, ಒಂದು ಜರ್ನಲ್‌ನಲ್ಲಿ 'ಮಂಜುನಾಥ ಎಚ್ಆರ್', ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾಗಿ ಬಂದ ಮೇಲೆ ಇನ್ನೊಂದು ಜರ್ನಲ್‌ನಲ್ಲಿ 'ರಾಮಯ್ಯ ಎಂ'. ಇಂಗ್ಲಿಷಿನಲ್ಲಿ ಬರೆಯುವಾಗ ಹೆಸರಿನ ಕೊನೆಯ 'ಎ' ಅಕ್ಷರ ಒಂದು ಕಡೆ ಉಳಿದು ಮತ್ತೊಂದು ಕಡೆ ಬಿಟ್ಟುಹೋಗಿರುತ್ತದೆ. ಹೀಗೆ ಒಬ್ಬ ಸಂಶೋಧಕರು ದತ್ತಾಂಶಕೋಶಗಳಲ್ಲಿ ಮೂವರಾಗಿ ಒಡೆದುಹೋಗುತ್ತಾರೆ, ಮೂವರು ಬೇರೆ ಬೇರೆ ಮಂಜುನಾಥರು ಒಬ್ಬರಾಗಿ ಕೂಡಿಕೊಳ್ಳುತ್ತಾರೆ.

ಗೊಂದಲ ಬಿಡಿಸಲು ಸಂಶೋಧಕರ ಗುರುತಿನ ಸಂಖ್ಯೆಯಾದ ಆರ್ಕಿಡ್ (ORCID) ಸಂಖ್ಯೆಯಿಂದ ಹೊರಡುವುದು ಒಳ್ಳೆಯದು. 2012ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಪ್ರತಿ ಸಂಶೋಧಕರಿಗೂ ನಾಲ್ಕು ನಾಲ್ಕಾಗಿ ವಿಂಗಡಿಸಿದ 16 ಅಂಕಿಗಳ ಗುರುತು ದೊರೆಯುತ್ತದೆ, ಹೆಸರಿನ ಕಾಗುಣಿತ ಬದಲಾದರೂ ಗುರುತು ಬದಲಾಗುವುದಿಲ್ಲ. ಆದರೆ ಅಲ್ಲಿರುವ ಪಟ್ಟಿಯನ್ನು ತುಂಬುವವರು ಸಾಮಾನ್ಯವಾಗಿ ಸ್ವತಃ ಸಂಶೋಧಕರೇ. ಆದುದರಿಂದ ಪ್ರತಿ ನಮೂದಿನ ಕೆಳಗೆ ಅದರ ಮೂಲ ಯಾವುದೆಂದು ತೋರಿಸುವ ಸಾಲನ್ನು ತಪ್ಪದೆ ಓದಬೇಕು. ಪ್ರಕಾಶಕರ ಕಡೆಯಿಂದ ನೇರವಾಗಿ ಬಂದ ನಮೂದಿಗೆ ಸ್ವಂತವಾಗಿ ಸೇರಿಸಿಕೊಂಡ ನಮೂದಿಗಿಂತ ಹೆಚ್ಚು ತೂಕ ಕೊಡಬೇಕು. ಆರ್ಕಿಡ್ ಪುಟ ಖಾಲಿಯಿದ್ದರೆ ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಹಿರಿಯ ಪ್ರಾಧ್ಯಾಪಕರು ಅನೇಕರು ಅದನ್ನು ತುಂಬುವ ಗೋಜಿಗೇ ಹೋಗಿರುವುದಿಲ್ಲ.

ಗೂಗಲ್ ಸ್ಕಾಲರ್ ಪುಟವನ್ನು ಇದಕ್ಕಿಂತ ಹೆಚ್ಚು ಎಚ್ಚರದಿಂದ ಓದಬೇಕು. ಹೊಸ ಪ್ರಬಂಧಗಳನ್ನು ತಾನಾಗಿಯೇ ಸೇರಿಸಿಕೊಳ್ಳುವ ಆಯ್ಕೆಯನ್ನು ಒಪ್ಪಿ ಪುಟದ ಒಡೆಯರು ಆಮೇಲೆ ಅದನ್ನು ಗಮನಿಸದೆ ಬಿಟ್ಟರೆ ಅದೇ ಹೆಸರಿನ ಬೇರೆಯವರ ಕೆಲಸವೂ ಅಲ್ಲಿ ಬಂದು ಕೂರುತ್ತದೆ. ಸಸ್ಯವಿಜ್ಞಾನಿಯೊಬ್ಬರ ಪುಟದಲ್ಲಿ ಆಂಜಿಯೋಪ್ಲಾಸ್ಟಿಯ ಪ್ರಬಂಧವಿದ್ದರೆ ನಾನು ಮೊದಲು ಶಂಕಿಸುವುದು ಈ ಕಾರಣವನ್ನೇ. ಪ್ರಬಂಧಗಳ ಇನ್ನೊಂದು ದತ್ತಾಂಶಕೋಶವಾದ ಸ್ಕೋಪಸ್ ಕೂಡ ಲೇಖಕರ ಪುಟಗಳನ್ನು ಗಣಕದ ಲೆಕ್ಕಾಚಾರದಿಂದಲೇ ಕಟ್ಟುವುದರಿಂದ ಅಲ್ಲಿಯೂ ಒಡೆಯುವ, ಕೂಡಿಹೋಗುವ ತಪ್ಪುಗಳಿರುತ್ತವೆ.

ಇನ್ನು ಪಬ್‌ಮೆಡ್‌ನಲ್ಲಿ ಹುಡುಕುವ ಕ್ರಮ. ಹೆಸರಿನ ಪಕ್ಕದಲ್ಲಿ ಚೌಕಾವರಣದೊಳಗೆ ಇಂಗ್ಲಿಷಿನ ಎ, ಯು ಅಕ್ಷರಗಳನ್ನು ಹಾಕಿದರೆ ಲೇಖಕರ ಹೆಸರುಗಳಲ್ಲಿ ಮಾತ್ರ ಹುಡುಕಾಟ ನಡೆಯುತ್ತದೆ, ಎ, ಡಿ ಅಕ್ಷರಗಳನ್ನು ಹಾಕಿದರೆ ಸಂಸ್ಥೆಯ ವಿಳಾಸದಲ್ಲಿ ನಡೆಯುತ್ತದೆ. ಇವೆರಡನ್ನೂ ಜೋಡಿಸಿ, ಹೆಸರಿನೊಂದಿಗೆ 'ಧಾರವಾಡ' ಎಂದೋ 'ಬೆಂಗಳೂರು' ಎಂದೋ ಕೊಟ್ಟರೆ ರಾಶಿ ಕರಗುತ್ತದೆ. ಬೆಂಗಳೂರಿನ ಹಳೆಯ ಮತ್ತು ಹೊಸ ಇಂಗ್ಲಿಷ್ ಕಾಗುಣಿತಗಳೆರಡನ್ನೂ ಪ್ರಯತ್ನಿಸಬೇಕು. ಆದರೆ 2014ಕ್ಕಿಂತ ಮೊದಲಿನ ಪ್ರಬಂಧಗಳಿಗೆ ಆ ಕೋಶದಲ್ಲಿ ಸಾಮಾನ್ಯವಾಗಿ ಮೊದಲ ಲೇಖಕರ ವಿಳಾಸ ಮಾತ್ರ ದಾಖಲಾಗಿರುವುದರಿಂದ, ಮೂರನೆಯ ಅಥವಾ ನಾಲ್ಕನೆಯ ಲೇಖಕರಾಗಿದ್ದವರ ಹಳೆಯ ಕೆಲಸ ವಿಳಾಸದ ಹುಡುಕಾಟದಲ್ಲಿ ಸಿಗುವುದಿಲ್ಲ. ಅದಕ್ಕೆ ಮೂಲ ಪ್ರಬಂಧದ ಮೊದಲ ಪುಟವನ್ನೇ ತೆರೆಯಬೇಕು. ಇನ್ನೊಂದು ಮಾತು: ಪಬ್‌ಮೆಡ್ ಮುಖ್ಯವಾಗಿ ಜೀವವೈದ್ಯಕೀಯ ಕೋಶ. ಬೇಸಾಯ ವಿಜ್ಞಾನದ ಅನೇಕ ಜರ್ನಲ್‌ಗಳು ಅಲ್ಲಿಲ್ಲದ ಕಾರಣ, ಸಸ್ಯವಿಜ್ಞಾನಿಗಳ ದಾಖಲೆ ಅಲ್ಲಿ ಇರುವುದಕ್ಕಿಂತ ಸೊರಗಿದಂತೆ ಕಾಣುತ್ತದೆ.

ಹೀಗೆ ಸಿಕ್ಕಿದ್ದನ್ನೆಲ್ಲ ವರ್ಷವಾರು ಬರೆದುಕೊಂಡು, ಪ್ರತಿ ವರ್ಷದ ಎದುರಿಗೆ ಸಂಸ್ಥೆ, ಮಿಂಚಂಚೆ ವಿಳಾಸ ಮತ್ತು ಮತ್ತೆ ಮತ್ತೆ ಬರುವ ಸಹಲೇಖಕರ ಹೆಸರುಗಳನ್ನು ಗುರುತು ಮಾಡಿಕೊಳ್ಳಿ. ನನ್ನ ದೃಷ್ಟಿಯಲ್ಲಿ ಇಡೀ ಪರಿಶೀಲನೆಯಲ್ಲಿ ಇದಕ್ಕಿಂತ ಉಪಯುಕ್ತವಾದ ಕೆಲಸ ಬೇರೆಯಿಲ್ಲ. ಒಂದೇ ವರ್ಷ ಒಬ್ಬರು ಕೃಷಿ ವಿಶ್ವವಿದ್ಯಾಲಯವೊಂದರ ಪೂರ್ಣಾವಧಿ ಅಧ್ಯಾಪಕರಾಗಿಯೂ ದೂರದ ಹೃದ್ರೋಗ ಆಸ್ಪತ್ರೆಯೊಂದರ ವೈದ್ಯರಾಗಿಯೂ ಕಂಡರೆ, ಎರಡೂ ಗುಂಪುಗಳ ನಡುವೆ ಒಬ್ಬ ಸಹಲೇಖಕರೂ ಸಮಾನವಾಗಿಲ್ಲದಿದ್ದರೆ, ಅವರು ಇಬ್ಬರು ಬೇರೆ ವ್ಯಕ್ತಿಗಳೆಂದು ಬಹುಮಟ್ಟಿಗೆ ತಿಳಿಯಬಹುದು. ಭಾರತದ ಸಂಶೋಧಕರಾದರೆ ಪಿಎಚ್.ಡಿ. ಪ್ರಬಂಧವೂ ನೆರವಿಗೆ ಬರುತ್ತದೆ. ಪಿಎಚ್.ಡಿ. ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾದಲ್ಲಿ ಮತ್ತು ಕೃಷಿ ವಿಶ್ವವಿದ್ಯಾಲಯಗಳವರಾದರೆ ಕೃಷಿಕೋಶದಲ್ಲಿ ಹುಡುಕಿದರೆ ವಿಷಯ, ಮಾರ್ಗದರ್ಶಕರ ಹೆಸರು, ವರ್ಷ ಎಲ್ಲವೂ ಒಂದೇ ಕಡೆ ದೊರೆಯುತ್ತವೆ, ಮತ್ತು ಅಲ್ಲಿಂದ ಮುಂದಿನ ಹಾದಿಯನ್ನು ಹಿಡಿಯುವುದು ಸುಲಭವಾಗುತ್ತದೆ.

ಪ್ರಬಂಧಗಳೆಲ್ಲ ಒಬ್ಬರವೇ ಎಂದು ಖಚಿತವಾದ ಮೇಲೂ ಅನುಮಾನಕ್ಕೆ ಅವಸರಪಡಬಾರದು, ಏಕೆಂದರೆ ಈ ಮೂರು ಕ್ಷೇತ್ರಗಳ ನಡುವೆ ನಿಜವಾದ ದಾರಿಗಳಿವೆ. ವೈರಾಣು ವಿಜ್ಞಾನ ಹುಟ್ಟಿದ್ದೇ ತಂಬಾಕಿನ ಎಲೆಯ ಮೇಲೆ. ರೋಗ ಬಂದ ಎಲೆಯ ರಸ ಬ್ಯಾಕ್ಟೀರಿಯಾಗಳನ್ನು ತಡೆಯುವ ಶೋಧಕವನ್ನು ದಾಟಿದ ಮೇಲೂ ಸೋಂಕು ಹರಡುತ್ತದೆ ಎಂದು 1892ರಲ್ಲಿ ಇವನೊವ್‌ಸ್ಕಿ ತೋರಿಸಿದರು, 1898ರಲ್ಲಿ ಬೈಯರಿಂಕ್ ಅದನ್ನು ಹೊಸ ಬಗೆಯ ರೋಗಕಾರಕವೆಂದು ಗುರುತಿಸಿದರು. ಅದೇ ತಂಬಾಕು ಮೊಸಾಯಿಕ್ ವೈರಸ್ಸಿನ ಕಡ್ಡಿಯಂಥ ಕಣಗಳಿಗೆ ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ಜೋಡಿಸುವ ಪ್ರಯೋಗಗಳನ್ನು ಅಮೆರಿಕದ ನಿಕೋಲ್ ಸ್ಟೈನ್‌ಮೆಟ್ಜ್ ಅವರ ತಂಡ ನಡೆಸಿದೆ. ಅವರ ಪಟ್ಟಿಯ ಶೀರ್ಷಿಕೆಗಳನ್ನಷ್ಟೇ ಓದಿದವರಿಗೆ ಸಸ್ಯ, ವೈರಾಣು, ರಕ್ತನಾಳ ಎಲ್ಲವೂ ಬೆರೆತಂತೆ ಕಾಣುತ್ತದೆ, ಒಳಗೆ ಇಳಿದವರಿಗೆ ಸಸ್ಯ ವೈರಸ್ಸಿನ ಕಣವನ್ನು ಔಷಧದ ವಾಹಕವಾಗಿ ಬಳಸುವ ಒಂದೇ ಆಲೋಚನೆ ಉದ್ದಕ್ಕೂ ಸಿಗುತ್ತದೆ. ಕಾಕ್‌ಸಾಕಿ ಬಿ ವೈರಸ್ ಹೃದಯದ ಸ್ನಾಯುವಿಗೆ ಉರಿಯೂತ ತರುವುದರಿಂದ ವೈರಾಣು ತಜ್ಞರೂ ಹೃದ್ರೋಗ ತಜ್ಞರೂ ಒಟ್ಟಿಗೆ ಬರೆಯುತ್ತಾರೆ. ಹೃದ್ರೋಗಕ್ಕೆ ಕೊಡುವ ಡಿಗಾಕ್ಸಿನ್ ಬರುವುದು ಡಿಜಿಟಾಲಿಸ್ ಗಿಡದಿಂದ. 2022ರಲ್ಲಿ ಕೆನಡಾ ಅನುಮತಿಸಿದ ಒಂದು ಕೋವಿಡ್ ಲಸಿಕೆಯ ಕಣಗಳನ್ನು ಬೆಳೆಸಿದ್ದು ತಂಬಾಕಿನ ಸಂಬಂಧಿಯಾದ ನಿಕೋಟಿಯಾನ ಬೆಂಥಮಿಯಾನ ಗಿಡದ ಎಲೆಗಳಲ್ಲಿ.

ಇದಲ್ಲದೆ ಸಂಖ್ಯಾಶಾಸ್ತ್ರಜ್ಞರು, ಜೀನೋಮ್ ದತ್ತಾಂಶ ವಿಶ್ಲೇಷಿಸುವವರು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಡೆಸುವವರು ಯಾವ ವಿಭಾಗದವರು ಕರೆದರೂ ತಮ್ಮ ವಿದ್ಯೆಯನ್ನು ಒದಗಿಸುತ್ತಾರೆ. ಅವರ ಪಟ್ಟಿಯಲ್ಲಿ ಜೀವಿ ಬದಲಾಗುತ್ತದೆ, ವಿಧಾನ ಬದಲಾಗುವುದಿಲ್ಲ. ಹಾಗಾಗಿ ಪಟ್ಟಿಯನ್ನು ರೋಗ ಮತ್ತು ಬೆಳೆಗಳ ಹೆಸರಿನಿಂದ ವಿಂಗಡಿಸುವುದನ್ನು ಬಿಟ್ಟು, ಪ್ರತಿ ಪ್ರಬಂಧದ ವಿಧಾನ ಭಾಗವನ್ನು ಓದಿ ವಿಂಗಡಿಸಿ ನೋಡಿ.

ವ್ಯಕ್ತಿಯ ಪಾತ್ರ ತಿಳಿಯಲು ಮೊದಲ ಪುಟವೇ ಸಾಕ್ಷಿ. ಈ ಮೂರೂ ಕ್ಷೇತ್ರಗಳಲ್ಲಿ ಸಾಮಾನ್ಯವಾಗಿ ಪ್ರಯೋಗದ ಹೆಚ್ಚಿನ ಹೊರೆ ಹೊತ್ತವರು ಮೊದಲಿಗೂ, ಪ್ರಯೋಗಾಲಯದ ಮುಖ್ಯಸ್ಥರು ಕೊನೆಗೂ ಇರುತ್ತಾರೆ. ನಕ್ಷತ್ರದ ಗುರುತು ಪತ್ರವ್ಯವಹಾರದ ಹೊಣೆ ಹೊತ್ತವರದು. ಕೊನೆಯಲ್ಲಿ ಲೇಖಕರ ಕೊಡುಗೆಯ ಹೇಳಿಕೆಯಿದ್ದರೆ ಅದನ್ನು ಪೂರ್ತಿ ಓದಬೇಕು. ಅನೇಕ ಜರ್ನಲ್‌ಗಳು ಬಳಸುವ ಕ್ರೆಡಿಟ್ ಪದ್ಧತಿಯಲ್ಲಿ ಪರಿಕಲ್ಪನೆ, ವಿಶ್ಲೇಷಣೆ, ಮೇಲ್ವಿಚಾರಣೆ ಮೊದಲಾದ 14 ಪಾತ್ರಗಳಿವೆ. ಐದಾರು ಪ್ರಬಂಧಗಳಲ್ಲಿ ಸತತವಾಗಿ 'ಪರಿಶೀಲನೆ ಮತ್ತು ತಿದ್ದುವಿಕೆ' ಎಂಬುದೊಂದೇ ಪಾತ್ರ ನಮೂದಾಗಿದ್ದರೆ ಆ ಕ್ಷೇತ್ರದಲ್ಲಿ ಅವರನ್ನು ತಜ್ಞರೆಂದು ಕರೆಯಲು ನಾನು ಒಪ್ಪುವುದಿಲ್ಲ.

ಎಣಿಕೆಗಳಿಗೆ ಇಲ್ಲಿ ಹೆಚ್ಚು ಬೆಲೆಯಿಲ್ಲ. ಭೌತವಿಜ್ಞಾನಿ ಹರ್ಶ್ 2005ರಲ್ಲಿ ಸೂಚಿಸಿದ, ಪ್ರಬಂಧಗಳ ಸಂಖ್ಯೆಯನ್ನೂ ಅವುಗಳಿಗೆ ಸಿಕ್ಕ ಉಲ್ಲೇಖಗಳನ್ನೂ ಸೇರಿಸಿ ಅಳೆಯುವ ಎಚ್-ಸೂಚ್ಯಂಕ ಕ್ಷೇತ್ರದಿಂದ ಕ್ಷೇತ್ರಕ್ಕೆ ಹೋಲಿಸಲು ತಕ್ಕದ್ದಲ್ಲ. ನೂರಾರು ಲೇಖಕರಿರುವ ಒಂದು ಹೃದ್ರೋಗ ಔಷಧ ಪರೀಕ್ಷೆಗೆ ಸಿಗುವಷ್ಟು ಉಲ್ಲೇಖಗಳು ರಾಗಿಯ ತಳಿಯ ಮೇಲಿನ ಹತ್ತು ವರ್ಷಗಳ ಕೆಲಸಕ್ಕೆ ಸಿಗದಿರಬಹುದು. ಜರ್ನಲ್ ಯಾವ ಪಟ್ಟಿಯಲ್ಲಿದೆ ಎಂಬುದೂ ಹಾಗೆಯೇ. ಯುಜಿಸಿ ಒಪ್ಪಿತ ಜರ್ನಲ್‌ಗಳ ತನ್ನ ಕೇರ್ ಪಟ್ಟಿಯನ್ನೇ ಕೈಬಿಟ್ಟಿದೆ.

ಅಪ್ರಾಮಾಣಿಕತೆಯ ಶಂಕೆಗೆ ಎಡೆ ಸಿಗುವುದು ಇಷ್ಟೆಲ್ಲ ನೋಡಿದ ಮೇಲೂ ವಿವರಣೆ ದೊರೆಯದಿದ್ದಾಗ. ಹಣ ಪಡೆದು ಲೇಖಕರ ಸ್ಥಾನ ಮಾರುವ ಪ್ರಬಂಧ ಕಾರ್ಖಾನೆಗಳಿರುವುದು ಈಗ ಗುಟ್ಟಲ್ಲ. 2023ರಲ್ಲಿ ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ಪ್ರಬಂಧಗಳು ಹಿಂಪಡೆಯಲ್ಪಟ್ಟವು, ಅವುಗಳಲ್ಲಿ ಬಹುಪಾಲು ಹಿಂದಾವಿ ಪ್ರಕಾಶನದ ಜರ್ನಲ್‌ಗಳವು. ಒಬ್ಬರಿಗೊಬ್ಬರು ಹಿಂದೆಂದೂ ಜೊತೆಯಲ್ಲಿ ಕೆಲಸ ಮಾಡಿರದ, ಬೇರೆ ಬೇರೆ ದೇಶಗಳ, ವಿಷಯಕ್ಕೆ ಸಂಬಂಧಿಸದ ವಿಭಾಗಗಳ ಲೇಖಕರು ಒಂದೇ ಪ್ರಬಂಧದಲ್ಲಿ ಕೂಡಿರುವುದು, ಪ್ರಕಟಣಪೂರ್ವ ಆವೃತ್ತಿಯಲ್ಲಿ ಇಲ್ಲದ ಹೆಸರುಗಳು ಅಂತಿಮ ಆವೃತ್ತಿಯಲ್ಲಿ ಕಾರಣವಿಲ್ಲದೆ ಕಾಣಿಸಿಕೊಳ್ಳುವುದು, ಒಂದೇ ಚಿತ್ರ ಎರಡು ಬೇರೆ ಪ್ರಯೋಗಗಳ ಫಲಿತಾಂಶವಾಗಿ ಬಂದಿರುವುದು ಇವೆಲ್ಲ ಗಮನಿಸಬೇಕಾದ ಲಕ್ಷಣಗಳು. ಹಿಂಪಡೆದ ಪ್ರಬಂಧಗಳನ್ನು ದಾಖಲಿಸುವ ರಿಟ್ರ್ಯಾಕ್ಷನ್ ವಾಚ್‌ನ ದತ್ತಾಂಶ 2023ರಿಂದ, ಪ್ರಬಂಧಗಳ ವಿವರ ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆಯ ಮೂಲಕ ಎಲ್ಲರಿಗೂ ಮುಕ್ತವಾಗಿದೆ. ಅಲ್ಲಿ ಹೆಸರು ಸಿಕ್ಕರೆ ಹಿಂಪಡೆದ ಕಾರಣವನ್ನು ಓದಲೇಬೇಕು, ಏಕೆಂದರೆ ತಮ್ಮ ತಪ್ಪನ್ನು ತಾವೇ ಕಂಡುಹಿಡಿದು ಪ್ರಬಂಧವನ್ನು ಹಿಂಪಡೆದ ಪ್ರಾಮಾಣಿಕರೂ ಆ ಪಟ್ಟಿಯಲ್ಲಿದ್ದಾರೆ. ಪ್ರಕಟವಾದ ಪ್ರಬಂಧಗಳ ಬಗ್ಗೆ ಓದುಗರು ಟಿಪ್ಪಣಿ ಬರೆಯುವ ಪಬ್‌ಪಿಯರ್‌ ತಾಣದಲ್ಲಿ ಬರುವ ಆಕ್ಷೇಪ ತೀರ್ಪಲ್ಲ. ಅದಕ್ಕೆ ಲೇಖಕರು ಕೊಟ್ಟ ಉತ್ತರವನ್ನೂ ಜೊತೆಗೇ ಓದಬೇಕು.

ಉಳಿದ ಸಂದೇಹಗಳನ್ನು ಸಂಶೋಧಕರಿಗೇ ಬರೆದು ಕೇಳಬಹುದು. "ತಮ್ಮ ಹೆಸರಿನಲ್ಲಿ ಈ ಎರಡು ಪ್ರಬಂಧಗಳು ಕಾಣುತ್ತಿವೆ, ಇವು ತಮ್ಮವೇ ಎಂದು ದಯವಿಟ್ಟು ತಿಳಿಸುವಿರಾ?" ಎಂಬಷ್ಟು ಸಾಕು, ಅದರಲ್ಲಿ ಆರೋಪದ ಧ್ವನಿ ಬೇಡ. ನಿಮ್ಮದೇ ಹೆಸರಿನಲ್ಲಿ ಹೀಗೆ ಕಲಬೆರಕೆಯಾಗಿದ್ದರೆ ಸ್ಕಾಲರ್ ಪುಟದಿಂದ ಅನ್ಯರ ಪ್ರಬಂಧಗಳನ್ನು ನೀವೇ ತೆಗೆದುಹಾಕಿ, ಸ್ಕೋಪಸ್‌ಗೆ ತಿದ್ದುಪಡಿಯ ಕೋರಿಕೆ ಸಲ್ಲಿಸಿ, ಮುಂದಿನ ಪ್ರತಿ ಪ್ರಬಂಧಕ್ಕೂ ಒಂದೇ ಕಾಗುಣಿತವನ್ನೂ ಆರ್ಕಿಡ್ ಸಂಖ್ಯೆಯನ್ನೂ ಕೊಡಿ. ಪರಿಶೀಲನೆಯ ಟಿಪ್ಪಣಿಯಲ್ಲಿ ಯಾವ ಕೋಶವನ್ನು ಯಾವ ದಿನಾಂಕದಂದು ನೋಡಿದಿರಿ ಎಂಬುದನ್ನು ಬರೆದಿಡಿ, ಏಕೆಂದರೆ ಈ ಪುಟಗಳು ಬದಲಾಗುತ್ತಲೇ ಇರುತ್ತವೆ, ಮತ್ತು ಸಮಿತಿಯ ಮುಂದೆ ಪ್ರಶ್ನೆ ಬಂದಾಗ ನೀವು ಆ ದಿನ ಕಂಡದ್ದೇನು ಎಂಬುದನ್ನು ತೋರಿಸಬೇಕಾಗುತ್ತದೆ.