ಅಲೆಗೆ ಹಾರದ ಟೋಪಿ: ನನ್ನ ಅನುಭವ

ಮಂಗಳೂರು ಬಳಿಯ ಸಸಿಹಿತ್ಲುವಿನಲ್ಲಿ ಸರ್ಫಿಂಗ್ ಮಾಡುವಾಗ ಅಲೆಗೂ ಜಗ್ಗದ ಟೋಪಿಯನ್ನು ಕೊನೆಗೂ ಹೊಲಿಸಿಕೊಂಡೆ. "ಎಂತ ಮಾರಾಯ, ತಲೆಗೆ ಲಂಗೋಟಿಯಾ?" ಎಂದು ನಕ್ಕವರೇ ಈಗ ಅಳತೆ ಕೊಡಿ ಎನ್ನುತ್ತಿದ್ದಾರೆ.

ಮೊದಲು ದುಡ್ಡು ಹೋದ ಕಥೆ. ಕ್ರಿಕೆಟ್ ಟೋಪಿಯಲ್ಲಿ ಕಿವಿ, ಕುತ್ತಿಗೆ ಎರಡೂ ಬಿಸಿಲಿಗೇ. ಮುಂದಿನ ರಟ್ಟು ಎರಡೇ ವಾರದಲ್ಲಿ ನೆನೆದು ಮುದ್ದೆಯಾಯಿತು. ಆಮೇಲೆ ಆನ್‌ಲೈನಲ್ಲಿ ಮೂರು ಸಾವಿರದ ಆಸುಪಾಸು ಸುರಿದು, ಸುತ್ತಲೂ ಅಗಲ ಅಂಚಿರುವ ಹ್ಯಾಟ್ ತರಿಸಿದೆ. ಶಾಂಭವಿ ಹೊಳೆಯಲ್ಲಿ ಕಯಾಕ್ ಹುಟ್ಟು ಹಾಕಲು ಭೇಷ್. ಸರ್ಫಿಂಗ್‌ಗೆ ಬೇಡವೇ ಬೇಡ. ಬೋರ್ಡಿನಿಂದ ಬಿದ್ದಾಗ ಅಂಚಿನೊಳಗೆ ನೀರು ತುಂಬಿ ಟೋಪಿ ಹಿಂದಕ್ಕೆ ಎಳೆಯಿತು, ಗಲ್ಲದ ಪಟ್ಟಿ ಗಂಟಲಿಗೆ ಬಿತ್ತು.

ನಡುವೆ ಸುಮ್ನೆ ಅಡಿಕೆ ಹಾಳೆಯ ಟೋಪಿ ಮುಟ್ಟಾಳೆಯನ್ನೂ ಹಾಕಿ ನೋಡಿದೆ. ಒಣಗಿದ್ದಾಗ ಅಷ್ಟು ತಂಪು ಬೇರೆ ಯಾವುದರಲ್ಲೂ ಇಲ್ಲ. ಕಯಾಕ್ ಮಗುಚಿದ್ದೇ ತಡ, ಹಾಳೆ ಮೆತ್ತಗಾಗಿ ಕಿವಿ ಮೇಲೆ ಇಳಿಯಿತು. ತಲೆಗೆ ಬೈರಾಸು ಕಟ್ಟಿದರೂ ಅಷ್ಟೇ. ಹತ್ತಿ ಬಟ್ಟೆ ಒದ್ದೆಯಾದರೆ ಬಿಸಿಲನ್ನು ಇನ್ನೂ ಜಾಸ್ತಿ ಒಳಗೆ ಬಿಡುತ್ತದೆ.

ಹಾಗಾಗಿ ಬಟ್ಟೆ ಕೊಳ್ಳುವಾಗ ಯುಪಿಎಫ್ 50 ನೋಡಿ. ಯುಪಿಎಫ್ ಎಂದರೆ ಬಟ್ಟೆ ಬಿಸಿಲಿನ ಯುವಿ ಕಿರಣವನ್ನು ಎಷ್ಟು ತಡೆಯುತ್ತದೆ ಎನ್ನುವ ಅಳತೆ. 50 ಎಂದರೆ ಯುವಿ ಕಿರಣದ 50ರಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ಚೀಟಿ ಇಲ್ಲದ ಬಟ್ಟೆಯಾದರೆ ನೆನೆಸಿ, ಎಳೆದು, ಬೆಳಕಿಗೆ ಹಿಡಿಯಿರಿ. ಬೆರಳು ಕಂಡರೆ ಬಿಡಿ. ನಾನು ಹಳೆಯ ಯುಪಿಎಫ್ ರ‍್ಯಾಶ್‌ಗಾರ್ಡ್ (ನೀರಿಗಿಳಿಯುವಾಗ ಹಾಕುವ ಬಿಗಿ ಅಂಗಿ) ಒಂದನ್ನು ಕತ್ತರಿಸಿದೆ. ಮುಂದೆ ಮೂರು ಇಂಚು ಅಂಚು, ಒಳಗೆ ಯೋಗ ಮ್ಯಾಟಿನ ತೆಳು ತುಂಡು. ಅಲೆ ಹೊಡೆದರೆ ಮಡಚಿ ಮತ್ತೆ ಏಳುತ್ತದೆ. ಅಂಚಿನ ಅಡಿಗೆ ಕಪ್ಪು ಬಟ್ಟೆ, ನೀರಿನ ಝಳಪು ಕಣ್ಣಿಗೆ ಅಷ್ಟು ಹೊಡೆಯುವುದಿಲ್ಲ. ಹಿಂದೆ ಕುತ್ತಿಗೆ ಮುಚ್ಚುವ ಪರದೆ. ಪಕ್ಕದಲ್ಲಿ ನೀರು ಇಳಿಯಲು ಜಾಲರಿ, ಆದರೆ ನೆತ್ತಿಯಲ್ಲಿ ಬೇಡ.

ಟೈಲರ್ ಮೊದಲು ಒಪ್ಪಲಿಲ್ಲ, "ಇದು ಮಕ್ಕಳ ಕುಲಾವಿ ಅಲ್ವಾ" ಎಂದರು. ಹೊಲಿಗೆ, ದಾರ, ಬಟನ್ ಎಲ್ಲ ಸೇರಿ ನಾನೂರು ಚಿಲ್ಲರೆ.

ಗಲ್ಲದ ಪಟ್ಟಿಗೆ ಹೆಚ್ಚು ಕಾಲ ಹಿಡಿಯಿತು. ವೆಲ್ಕ್ರೊಗೆ ಹೊಯಿಗೆ ತುಂಬಿದರೆ ಕಚ್ಚುವುದಿಲ್ಲ. ಕಬ್ಬಿಣದ ಟಿಚ್ ಬಟನ್ ಉಪ್ಪಿಗೆ ತುಕ್ಕು. ಈಗ ಪ್ಲಾಸ್ಟಿಕ್ ಬಟನ್, ಜೋರಾಗಿ ಎಳೆದರೆ ತಾನೇ ಬಿಚ್ಚಬೇಕು, ಇಲ್ಲದಿದ್ದರೆ ಅಪಾಯ. ಬಿಚ್ಚಿದ ಟೋಪಿ ಕಡಲಿಗೆ ಹೋಗದಂತೆ ರ‍್ಯಾಶ್‌ಗಾರ್ಡಿಗೆ ಸಣ್ಣ ದಾರವೂ ಇದೆ. ಅದರ ಗಂಟು ಮಾತ್ರ ಇಲ್ಲಿ ಹೇಳುವುದಿಲ್ಲ, ನೀರಿಗೆ ಬಂದವರಿಗೆ ತೋರಿಸುತ್ತೇನೆ.

ಮುಖಕ್ಕೆ ಸನ್‌ಸ್ಕ್ರೀನ್ ಬಿಡಬೇಡಿ. ನೀರಿಗೆ ಬಡಿದು ಕೆಳಗಿಂದ ಬರುವ ಬಿಸಿಲನ್ನು ಯಾವ ಟೋಪಿಯೂ ತಡೆಯುವುದಿಲ್ಲ.