ಇಂಗ್ಲೆಂಡಿನಲ್ಲಿ ಹಳೆ ಗಾಡಿ: ಮೊದಲು ಇನ್ಶೂರೆನ್ಸ್ ನೋಡಿ, ಆಮೇಲೆ ಗಾಡಿ ನೋಡಿ

ರಜೆಗೆಂದು ಧಾರವಾಡಕ್ಕೆ ಬಂದು ಹತ್ತು ದಿನ ಆಯ್ತು. ಮೊನ್ನೆ ಸಪ್ತಾಪುರದ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಇಂಗ್ಲೆಂಡಿನ ಲೆಸ್ಟರ್‌ನಿಂದ ಫೋನ್ ಬಂತು. ಗದಗಿನ ಹುಡುಗ, ಅಲ್ಲಿಗೆ ಬಂದು ಎಂಟು ತಿಂಗಳಾಗಿದೆ. "ಅಕ್ಕಾರ, ಗಾಡಿ ತೊಗೊಂಡೇನ್ರಿ, ರೊಕ್ಕಾನೂ ಕೊಟ್ಟೇನಿ. ಈಗ ಇನ್ಶೂರೆನ್ಸ್ ನೋಡಿದ್ರ ಎರಡು ಸಾವಿರದ ಆರುನೂರು ಪೌಂಡ್ ತೋರ್ಸಾಕತ್ತೈತ್ರಿ. ಏನ್ ಮಾಡ್ಲಿ?"

ನಾನು 2018ರಲ್ಲಿ ಮಾಡಿದ್ದೂ ಇದೇ ತಪ್ಪು. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಬಂದವರಲ್ಲಿ ಇದನ್ನೇ ಮಾಡಿ ನನಗೆ ಫೋನ್ ಮಾಡಿದವರಲ್ಲಿ ಇವನು ನಾಲ್ಕನೆಯವನು. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ. ಐದರಿಂದ ಎಂಟು ಸಾವಿರ ಪೌಂಡ್ ಒಳಗೆ ಅಲ್ಲಿ ಹಳೆ ಗಾಡಿ, ಅಂದರೆ ಕಾರು, ಹುಡುಕುವವರಿಗೆ ಇದು. ಎಂಜಿನ್ ಸದ್ದು ಕೇಳಿ, ಟೈರ್ ನೋಡಿ, ಒಂದು ಸುತ್ತು ಓಡಿಸಿ ಎಂದೆಲ್ಲ ಹೇಳುವುದಿಲ್ಲ. ಅದು ಎಲ್ಲರಿಗೂ ಗೊತ್ತಿದೆ.

ನನ್ನ ಕಥೆ ಹೀಗೆ. ಆಸ್ಪತ್ರೆಯಲ್ಲಿ ಬೆಳಗಿನ ಏಳಕ್ಕೆ ಶಿಫ್ಟ್, ಅಷ್ಟು ಹೊತ್ತಿಗೆ ನಮ್ಮ ಕಡೆಯಿಂದ ಬಸ್ ಇರಲಿಲ್ಲ, ನವೆಂಬರ್ ಚಳಿ ಬೇರೆ. ಎರಡು ಲೀಟರ್ ಎಂಜಿನ್ನಿನ ಒಂದು ಡೀಸೆಲ್ ಗಾಡಿ ನೋಡಿದೆ, 5,200 ಪೌಂಡ್. ಡೀಲರ್ ಅಲ್ಲ, ಮಾಲೀಕರೇ ಮಾರುತ್ತಿದ್ದರು, ಚೊಕ್ಕ ಇಟ್ಟಿದ್ದರು. ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಹುಬ್ಬಳ್ಳಿಯಲ್ಲಿ ಮೂರು ಸಲ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವರು, ಅನುಭವಸ್ಥರು. "ಟ್ಯಾಕ್ಸ್ ಐತೇನ್ ಕೇಳು. ಇನ್ಶೂರೆನ್ಸ್ ಎಷ್ಟು ತಿಂಗಳು ಉಳದೈತಿ ಕೇಳು" ಅಂದರು. ಕೇಳಿದೆ. ಟ್ಯಾಕ್ಸ್ ಫೆಬ್ರವರಿವರೆಗೆ ಇದೆ, ಇನ್ಶೂರೆನ್ಸ್ ಕೂಡ ಇದೆ ಎಂದರು. ಅವರು ಸುಳ್ಳು ಹೇಳಲಿಲ್ಲ. ಎರಡೂ ನಿಜವಾಗಿಯೂ ಇದ್ದವು. ಆದರೆ ಎರಡೂ ಅವರವು, ಗಾಡಿಯವಲ್ಲ.

ನಮ್ಮ ಊರಿನ ಲೆಕ್ಕ ತಲೆಯಲ್ಲಿ ಹೇಗೆ ಕೂತಿದೆ ನೋಡಿ. ಕರ್ನಾಟಕದಲ್ಲಿ ಗಾಡಿ ರಿಜಿಸ್ಟರ್ ಮಾಡುವಾಗಲೇ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ ಮುಗಿಸುತ್ತೇವೆ. ಗಾಡಿ ಮಾರಿದರೆ ಆ ಟ್ಯಾಕ್ಸ್ ಗಾಡಿಯ ಜೊತೆಗೇ ಹೋಗುತ್ತದೆ. ಇನ್ಶೂರೆನ್ಸ್ ಕೂಡ ಹಾಗೇ, ಥರ್ಡ್ ಪಾರ್ಟಿ ಭಾಗ ಹೊಸ ಮಾಲೀಕರಿಗೆ ತಾನಾಗಿ ಬರುತ್ತದೆ, ಹದಿನಾಲ್ಕು ದಿನದೊಳಗೆ ಕಂಪನಿಗೆ ತಿಳಿಸಿ ಹೆಸರು ಬದಲಿಸಿಕೊಂಡರೆ ಆಯ್ತು. ಅಂದರೆ ನಮ್ಮಲ್ಲಿ ಕಾಗದ ಗಾಡಿಯ ಬೆನ್ನಿಗಿರುತ್ತದೆ. ಬ್ರಿಟನ್‌ನಲ್ಲಿ ಅದು ಮನುಷ್ಯನ ಬೆನ್ನಿಗಿರುತ್ತದೆ. ಇನ್ಶೂರೆನ್ಸ್ ಓಡಿಸುವವರ ಹೆಸರಿಗೆ, ಟ್ಯಾಕ್ಸ್ ಗಾಡಿ ಇಟ್ಟುಕೊಂಡವರ ಹೆಸರಿಗೆ. 2014ರ ಅಕ್ಟೋಬರ್ 1ರಿಂದ ಗಾಡಿ ಮಾರಿದ ಕೂಡಲೇ ಹಳೆಯವರ ಟ್ಯಾಕ್ಸ್ ರದ್ದಾಗುತ್ತದೆ, ಉಳಿದ ಪೂರ್ತಿ ತಿಂಗಳುಗಳ ದುಡ್ಡು ಅವರಿಗೇ ವಾಪಸ್ ಹೋಗುತ್ತದೆ. ಕೊಂಡವರು ಆ ತಿಂಗಳ ಒಂದನೇ ತಾರೀಖಿನಿಂದ ಲೆಕ್ಕ ಹಾಕಿ ಹೊಸದಾಗಿ ಕಟ್ಟಬೇಕು. ಒಂದೇ ತಿಂಗಳಿಗೆ ಸರ್ಕಾರ ಎರಡು ಕಡೆಯಿಂದ ದುಡ್ಡು ತಗೊಳ್ಳುತ್ತದೆ. ಇದು ಸರಿಯಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಸರಿ, ಶನಿವಾರ ಮಧ್ಯಾಹ್ನ ದುಡ್ಡು ಕಳಿಸಿದೆ. ಅವರು ನನ್ನ ಎದುರೇ ಫೋನಿನಲ್ಲಿ ಡಿವಿಎಲ್‌ಎಗೆ, ಅಂದರೆ ಅಲ್ಲಿನ ಆರ್‌ಟಿಒಗೆ, ಗಾಡಿ ಮಾರಿದ್ದನ್ನು ತಿಳಿಸಿದರು. ಐದು ನಿಮಿಷದ ಕೆಲಸ. ನನಗೆ ಖುಷಿಯೋ ಖುಷಿ. ಏಜೆಂಟ್ ಇಲ್ಲ, ಫಾರ್ಮ್ 29 ಇಲ್ಲ, ಫಾರ್ಮ್ 30 ಇಲ್ಲ, ನವನಗರದ ಆಫೀಸಿಗೆ ನಾಲ್ಕು ಸಲ ಅಲೆಯುವುದಿಲ್ಲ. ಆಮೇಲೆ ಗಾಡಿಯಲ್ಲಿ ಕೂತು ಇನ್ಶೂರೆನ್ಸ್ ನೋಡಿದೆ. ಎರಡು ಕಂಪನಿಗಳು ಇಂಡಿಯನ್ ಲೈಸೆನ್ಸ್ ಎಂದ ಕೂಡಲೇ ಆಗಲ್ಲ ಎಂದವು. ಮೂರನೆಯದು ವರ್ಷಕ್ಕೆ 2,740 ಪೌಂಡ್ ತೋರಿಸಿತು. ಗಾಡಿಯ ಬೆಲೆಯ ಅರ್ಧಕ್ಕಿಂತ ಜಾಸ್ತಿ!

ಅಷ್ಟು ದುಡ್ಡು ಕೈಯಲ್ಲಿ ಇರಲಿಲ್ಲ. ಇನ್ಶೂರೆನ್ಸ್ ಇಲ್ಲದೆ ಓಡಿಸುವಂತಿಲ್ಲ. ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸ್ ಮೇಲೆ 6 ಪೆನಾಲ್ಟಿ ಪಾಯಿಂಟ್, ಗಾಡಿಯನ್ನೂ ಎಳೆದುಕೊಂಡು ಹೋಗಬಹುದು. ಪೊಲೀಸರು ಕೈ ಮಾಡಿ ನಿಲ್ಲಿಸಿ ಕಾಗದ ಕೇಳುವವರೆಗೆ ಕಾಯಬೇಕಿಲ್ಲ, ಕ್ಯಾಮೆರಾವೇ ನಂಬರ್ ಓದಿ ಇನ್ಶೂರೆನ್ಸ್ ಇದೆಯೋ ಇಲ್ಲವೋ ಹೇಳಿಬಿಡುತ್ತದೆ. ಹೋಗಲಿ, ಓಡಿಸದೆ ರಸ್ತೆ ಬದಿಗೆ ನಿಲ್ಲಿಸೋಣ ಅಂದರೆ ಅದೂ ತಪ್ಪು. ಓಡಿಸಿದರೂ ಬಿಟ್ಟರೂ ಗಾಡಿಗೆ ಟ್ಯಾಕ್ಸ್, ಇನ್ಶೂರೆನ್ಸ್ ಎರಡೂ ಇರಲೇಬೇಕು. ಬೇಡವೆಂದರೆ "ಇದು ರಸ್ತೆಗೆ ಇಳಿಯುವುದಿಲ್ಲ" ಎಂದು ಬರೆದುಕೊಡಬೇಕು, ಅದಕ್ಕೆ ಸೋರ್ನ್ ಎನ್ನುತ್ತಾರೆ. ಆದರೆ ಸೋರ್ನ್ ಹಾಕಿದ ಗಾಡಿಯನ್ನು ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸುವಂತಿಲ್ಲ, ಸ್ವಂತ ಜಾಗ ಬೇಕು. ಬಾಡಿಗೆ ರೂಮಿನಲ್ಲಿ ಇರುವವಳಿಗೆ ಜಾಗ ಎಲ್ಲಿಂದ ಬರಬೇಕು?

ಕೊನೆಗೆ ಕಾಪಾಡಿದ್ದು ಕೊವೆಂಟ್ರಿಯಲ್ಲಿದ್ದ ವಿದ್ಯಾನಗರದವರೊಬ್ಬರು. ಅವರ ಮನೆ ಮುಂದೆ ಜಾಗ ಇತ್ತು. ಲಾರಿ ಮೇಲೆ ಹೇರಿಸಿ ಅಲ್ಲಿಗೆ ಸಾಗಿಸಿದೆ, 140 ಪೌಂಡ್. ಲಾಗ್‌ಬುಕ್, ಅಂದರೆ ಅಲ್ಲಿನ ಆರ್‌ಸಿ, ನನ್ನ ಹೆಸರಿಗೆ ಬಂದ ಮೇಲೆ ಸೋರ್ನ್ ಹಾಕಿದೆ. ಐದು ವಾರ ಅದು ಅಲ್ಲೇ ಮಳೆಯಲ್ಲಿ ನೆನೆಯಿತು. ಆಮೇಲೆ 4,300ಕ್ಕೆ ಮಾರಿದೆ. ಒಂದು ಮೈಲಿಯೂ ಓಡಿಸದ ಗಾಡಿಗೆ ಸಾವಿರದ ನಲವತ್ತು ಪೌಂಡ್ ಹೋಯ್ತು. ಆಗಿನ ನನ್ನ ಸಂಬಳದಲ್ಲಿ ಅದು ಚಿಕ್ಕ ಮೊತ್ತವಲ್ಲ. ಆ ತಿಂಗಳು ಮನೆಗೆ ದುಡ್ಡು ಕಳಿಸಲು ಆಗಲಿಲ್ಲ.

ಎರಡನೇ ಸಲ ಉಲ್ಟಾ ಮಾಡಿದೆ. ಜಾಹೀರಾತಿನಲ್ಲಿ ನಂಬರ್ ಪ್ಲೇಟ್ ಕಾಣುತ್ತದೆ ಅಲ್ವಾ, ಅದನ್ನು ಬೆಲೆ ಹೋಲಿಸುವ ಸೈಟ್‌ಗಳಲ್ಲಿ ಹಾಕಿ ಇನ್ಶೂರೆನ್ಸ್ ಎಷ್ಟಾಗುತ್ತದೆ ಎಂದು ಮೊದಲೇ ನೋಡಿದೆ. ಹತ್ತು ಗಾಡಿಗೆ ಹಾಗೆ ನೋಡಿದಾಗ ಚಿತ್ರ ಸ್ಪಷ್ಟವಾಯ್ತು. ಅಲ್ಲಿ ಇಂಥ ಹಳೆ ಮಾಡೆಲ್‌ಗಳಿಗೆ 1ರಿಂದ 50ರವರೆಗೆ ಒಂದು ಇನ್ಶೂರೆನ್ಸ್ ಗ್ರೂಪ್ ಇದೆ, ಸಂಖ್ಯೆ ಕಡಿಮೆ ಇದ್ದಷ್ಟೂ ಅಗ್ಗ. ಒಂದು ಲೀಟರ್ ಪೆಟ್ರೋಲ್ ಗಾಡಿ 4,600ಕ್ಕೆ ಸಿಕ್ಕಿತು, ಇನ್ಶೂರೆನ್ಸ್ 1,180. ಆದ್ದರಿಂದ ನಿಮ್ಮ ಬಜೆಟ್ ಏಳು ಸಾವಿರ ಎಂದರೆ ಗಾಡಿಗೆ ಏಳು ಸಾವಿರ ಅಲ್ಲ. ಮೊದಲ ವರ್ಷದ ಇನ್ಶೂರೆನ್ಸನ್ನು ಕಳೆದು ಉಳಿದದ್ದು ಗಾಡಿಗೆ.

ಫಾರ್ಮ್ ತುಂಬುವಾಗ ನಿಜವನ್ನೇ ತುಂಬಿ. ಲೈಸೆನ್ಸ್ ಇಂಡಿಯಾದ್ದು ಎಂದೇ ಹಾಕಿ. ಊರಿನಲ್ಲಿ ಹತ್ತು ವರ್ಷ ಕ್ಲೇಮ್ ಇಲ್ಲದೆ ಓಡಿಸಿದ್ದರೂ ಬಹುಪಾಲು ಕಂಪನಿಗಳು ಅದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಸೊನ್ನೆಯಿಂದಲೇ ಶುರು. ಕೆಲಸಕ್ಕೆ ಓಡಿಸುವವರು ಕಮ್ಯೂಟಿಂಗ್ ಎಂದು ಸೇರಿಸಲೇಬೇಕು, ಬರೀ ಮನೆ ಬಳಕೆ ಎಂದು ಹಾಕಿದರೆ ಆಸ್ಪತ್ರೆ ದಾರಿಯಲ್ಲಿ ಅಪಘಾತವಾದಾಗ ತೊಂದರೆ. ಇನ್ನೊಂದು, ಇದನ್ನು ಕೈ ಮುಗಿದು ಹೇಳುತ್ತೇನೆ: ಅಲ್ಲಿ ಬಹಳ ವರ್ಷದಿಂದ ಇರುವ ಗೆಳೆಯನನ್ನು ಮುಖ್ಯ ಡ್ರೈವರ್ ಎಂದು ತೋರಿಸಿ ನಿಮ್ಮ ಹೆಸರನ್ನು ಕೆಳಗೆ ಹಾಕಬೇಡಿ. ಅದಕ್ಕೆ ಫ್ರಂಟಿಂಗ್ ಎನ್ನುತ್ತಾರೆ, ಅದು ಮೋಸ. ರಾಣೆಬೆನ್ನೂರಿನ ಹುಡುಗನೊಬ್ಬ ಹೀಗೆ ಮಾಡಿ ಆರುನೂರು ಪೌಂಡ್ ಉಳಿಸಿದ. ಹಿಂದಿನಿಂದ ಬೇರೆಯವರ ಗಾಡಿಗೆ ಗುದ್ದಿದಾಗ ಕಂಪನಿ ಪಾಲಿಸಿಯನ್ನೇ ರದ್ದು ಮಾಡಿತು. ಈಗ ಎಲ್ಲಿ ಕೇಳಿದರೂ "ನಿಮ್ಮ ಪಾಲಿಸಿಯನ್ನು ಯಾರಾದರೂ ರದ್ದು ಮಾಡಿದ್ದಾರಾ" ಎನ್ನುವ ಪ್ರಶ್ನೆ ಇರುತ್ತದೆ, ಅವನು ಹೌದು ಎನ್ನಲೇಬೇಕು. ನ್ಯಾಯವಾಗಿ ಕಡಿಮೆ ಮಾಡುವ ದಾರಿಗಳಿವೆ. ಎರಡು ಮೂರು ವಾರ ಮೊದಲೇ ಕೊಟೇಶನ್ ತೆಗೆಯಿರಿ, ಕೊನೇ ದಿನ ತೆಗೆದರೆ ದುಬಾರಿ. ಥರ್ಡ್ ಪಾರ್ಟಿ ಅಗ್ಗ ಎಂದುಕೊಳ್ಳಬೇಡಿ, ಎಷ್ಟೋ ಸಲ ಫುಲ್ ಇನ್ಶೂರೆನ್ಸೇ ಅದಕ್ಕಿಂತ ಕಡಿಮೆ ಬರುತ್ತದೆ. ಗಂಡನೋ ಹೆಂಡತಿಯೋ ನಿಜವಾಗಿ ಓಡಿಸುವವರಿದ್ದರೆ ಅವರ ಹೆಸರನ್ನೂ ಸೇರಿಸಿ ನೋಡಿ.

ಕೊಳ್ಳುವ ದಿನದ ಕ್ರಮ ಇಷ್ಟೇ. ಕೊಟೇಶನ್ ಸಿದ್ಧ ಇಟ್ಟುಕೊಂಡು ಹೋಗಿ. ಗಾಡಿ ಒಪ್ಪಿಗೆಯಾದರೆ ಅಲ್ಲೇ ನಿಂತು ಆ ಗಳಿಗೆಯಿಂದಲೇ ಇನ್ಶೂರೆನ್ಸ್ ಶುರು ಮಾಡಿ. ದುಡ್ಡು ಕೊಡಿ. ಲಾಗ್‌ಬುಕ್‌ನ ಹಸಿರು ಚೀಟಿ ಹರಿದು ಕೊಡುತ್ತಾರೆ, ಅದರ ಮೇಲಿನ ನಂಬರ್‌ನಿಂದ ಫೋನಿನಲ್ಲೇ ಟ್ಯಾಕ್ಸ್ ಕಟ್ಟಿ. ಆಮೇಲೆ ಕೀಲಿ ತಿರುಗಿಸಿ.

ಟ್ಯಾಕ್ಸ್ ವಿಷಯದಲ್ಲಿ ಒಂದು ಲಾಭದ ಮಾತು. 2017ರ ಏಪ್ರಿಲ್ 1ಕ್ಕೆ ಮೊದಲು ರಿಜಿಸ್ಟರ್ ಆದ ಗಾಡಿಗೆ ಹೊಗೆಯ ಲೆಕ್ಕದ ಮೇಲೆ ಟ್ಯಾಕ್ಸ್. ಚಿಕ್ಕ ಪೆಟ್ರೋಲ್ ಗಾಡಿಗೆ ವರ್ಷಕ್ಕೆ 20 ಅಥವಾ 35 ಪೌಂಡ್ ಮಾತ್ರ ಇರಬಹುದು. ಆ ದಿನದ ನಂತರದ ಅದೇ ಗಾಡಿಗೆ 2025ರ ಏಪ್ರಿಲ್ ದರದಂತೆ 195 ಪೌಂಡ್ ಇತ್ತು. 2016ರ ಗಾಡಿಯೋ 2018ರ ಗಾಡಿಯೋ ಎಂದು ತೂಗುವಾಗ ಇದನ್ನು ಮರೆಯಬೇಡಿ. ಡೀಸೆಲ್ ತಗೊಳ್ಳುವುದಾದರೆ ಯೂರೋ 6 ಎನ್ನುವ ಹೊಗೆ ಮಟ್ಟದ್ದೇ ಇರಬೇಕು, ಇಲ್ಲದಿದ್ದರೆ ಲಂಡನ್ ಒಳಗೆ ಹೋದ ದಿನಕ್ಕೆ 12.50 ಪೌಂಡ್, ಬರ್ಮಿಂಗ್‌ಹ್ಯಾಮ್ ನಡುವೆ ಹೋದರೆ 8 ಪೌಂಡ್ ಶುಲ್ಕ.

ಗಾಡಿಯ ಜಾತಕ ನೋಡುವುದರಲ್ಲಿ ಮಾತ್ರ ಅವರ ಪದ್ಧತಿ ನಮ್ಮದಕ್ಕಿಂತ ಎಷ್ಟೋ ಮೇಲು. ಮೂರು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಂಒಟಿ ಎನ್ನುವ ಸುರಕ್ಷತೆಯ ಪರೀಕ್ಷೆ ಆಗಲೇಬೇಕು. ಸರ್ಕಾರದ ಸೈಟ್‌ನಲ್ಲಿ ನಂಬರ್ ಹಾಕಿದರೆ ಯಾವ ವರ್ಷ ಪಾಸ್, ಯಾವಾಗ ಫೇಲ್, ಯಾಕೆ ಫೇಲ್, ಆಗ ಎಷ್ಟು ಮೈಲಿ ಓಡಿತ್ತು, ಎಲ್ಲ ಪುಕ್ಕಟೆ ಕಾಣುತ್ತದೆ. ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಹುಬ್ಬಳ್ಳಿಯಲ್ಲಿ ಇಂಥದ್ದು ಇದ್ದಿದ್ದರೆ ಎಷ್ಟು ಜನರ ದುಡ್ಡು ಉಳಿಯುತ್ತಿತ್ತು! ಪಾಸ್ ಎನ್ನುವ ಪದವನ್ನಷ್ಟೇ ನೋಡಬೇಡಿ, ಕೆಳಗೆ ಅಡ್ವೈಸರಿ ಎಂದು ಸಣ್ಣಗೆ ಬರೆದಿರುವುದನ್ನು ಓದಿ. ಮೂರು ವರ್ಷದಿಂದ ತುಕ್ಕು ಎಂದು ಬರೆಯುತ್ತಾ ಬಂದಿದ್ದರೆ ಬಿಟ್ಟುಬಿಡಿ. ನಮ್ಮ ಧಾರವಾಡದ ಗಾಡಿಗೆ ಅಡಿಯಲ್ಲಿ ತುಕ್ಕು ಹಿಡಿಯುವುದು ಕಡಿಮೆ, ಹಾಗಾಗಿ ನಾವು ಬಗ್ಗಿ ನೋಡುವುದೇ ಇಲ್ಲ. ಅಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಬಾರದೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಹತ್ತು ವರ್ಷದ ಗಾಡಿಯ ಅಡಿ ಕಾರವಾರದ ಕಡಲ ದಂಡೆಯ ಗಾಡಿಯ ಹಾಗೆ ಆಗಿರಬಹುದು.

ಸಾಲದ ವಿಷಯದಲ್ಲಿ ನಮ್ಮದೇ ಮೇಲು. ನಮ್ಮಲ್ಲಿ ಬ್ಯಾಂಕ್ ಸಾಲ ಇದ್ದರೆ ಆರ್‌ಸಿ ಮೇಲೆಯೇ ಹೈಪೊಥಿಕೇಶನ್ ಎಂದು ಇರುತ್ತದೆ, ಬ್ಯಾಂಕಿನ ಎನ್‌ಒಸಿ ಇಲ್ಲದೆ ಅದು ಹೋಗುವುದಿಲ್ಲ. ಅಲ್ಲಿನ ಲಾಗ್‌ಬುಕ್‌ನಲ್ಲಿ ಸಾಲದ ಸುದ್ದಿಯೇ ಇರುವುದಿಲ್ಲ. ಅದು ಮಾಲೀಕತ್ವದ ಪುರಾವೆಯಲ್ಲ ಎಂದು ಅದರ ಮೇಲೆಯೇ ಅಚ್ಚಾಗಿದೆ. ಸಾಲ ತೀರದ ಗಾಡಿ ಫೈನಾನ್ಸ್ ಕಂಪನಿಯದ್ದೇ ಆಗಿರಬಹುದು. ಹತ್ತಿಪ್ಪತ್ತು ಪೌಂಡ್ ಕೊಟ್ಟರೆ ಸಾಲ, ಕಳವು, ಹಿಂದಿನ ದೊಡ್ಡ ಅಪಘಾತ ಮೂರನ್ನೂ ಹೇಳುವ ರಿಪೋರ್ಟ್ ಸಿಗುತ್ತದೆ. ಅದರಲ್ಲಿ ಕ್ಯಾಟ್ ಎಸ್ ಎಂದಿದ್ದರೆ ಗಾಡಿಯ ಚೌಕಟ್ಟಿಗೇ ಪೆಟ್ಟಾಗಿತ್ತು ಎಂದು ಅರ್ಥ, ಎಷ್ಟೇ ಅಗ್ಗವಿದ್ದರೂ ಹೊಸಬರು ಅದಕ್ಕೆ ಕೈ ಹಾಕುವುದು ಬೇಡ.

ಡೀಲರ್ ಹತ್ತಿರ ಐನೂರು ಪೌಂಡ್ ಜಾಸ್ತಿಯಾದರೂ ಮೊದಲ ಗಾಡಿಗೆ ಅದೇ ವಾಸಿ ಎನ್ನುವವಳು ನಾನು. 2015ರ ಗ್ರಾಹಕ ಹಕ್ಕು ಕಾಯ್ದೆ ಪ್ರಕಾರ ಕೊಳ್ಳುವಾಗಲೇ ದೋಷವಿದ್ದ ಗಾಡಿಯನ್ನು 30 ದಿನದೊಳಗೆ ವಾಪಸ್ ಕೊಟ್ಟು ಪೂರ್ತಿ ದುಡ್ಡು ಕೇಳಬಹುದು. ಡೀಲರ್ ಅಲ್ಲದ ಖಾಸಗಿ ಮಾಲೀಕರಿಂದ ಕೊಂಡರೆ ಆ ಹಕ್ಕು ಇಲ್ಲ. ಸ್ವಲ್ಪ ಮೊತ್ತವನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟರೆ ಇನ್ನೊಂದು ರಕ್ಷಣೆ.

ಗದಗಿನ ಹುಡುಗನ ಜೊತೆ ಮೊನ್ನೆ ರಾತ್ರಿ ಒಂದು ತಾಸು ಫೋನಿನಲ್ಲಿ ಕೂತೆ. ಅವನು ವರ್ಷದ ಮೈಲಿಗಳನ್ನು ಅಂದಾಜಿಲ್ಲದೆ ಹದಿನೈದು ಸಾವಿರ ಎಂದು ಹಾಕಿದ್ದ, ನಿಜವಾದ ಲೆಕ್ಕ ಆರು ಸಾವಿರ ದಾಟುವುದಿಲ್ಲ. ಅದನ್ನು ಸರಿ ಮಾಡಿ, ಕ್ಲೇಮ್ ಆದರೆ ತಾನು ಕೈಯಿಂದ ಕೊಡುವ ಮೊತ್ತವನ್ನು ಸ್ವಲ್ಪ ಏರಿಸಿದ ಮೇಲೆ 2,150ಕ್ಕೆ ಇಳಿಯಿತು. ಜಾಸ್ತಿಯೇ, ಆದರೆ ಗಾಡಿ ಕೈ ಬಿಡಬೇಕಾಗಿಲ್ಲ. ಅದಕ್ಕಿಂತ ಅವಸರದ ಕೆಲಸ ಬೇರೆ ಇದೆ. ಇಂಡಿಯನ್ ಲೈಸೆನ್ಸ್ ಅಲ್ಲಿ ನಡೆಯುವುದು ನೆಲೆಸಿದ ದಿನದಿಂದ 12 ತಿಂಗಳು ಮಾತ್ರ. ಅವನಿಗೆ ಉಳಿದಿರುವುದು ನಾಲ್ಕು. ಅಲ್ಲಿನ ಡ್ರೈವಿಂಗ್ ಟೆಸ್ಟಿಗೆ ದಿನಾಂಕ ಸಿಗಲಿಕ್ಕೇ ತಿಂಗಳುಗಟ್ಟಲೆ ಆಗುತ್ತದೆ. ಇನ್ನೂ ಪ್ರಾವಿಜನಲ್‌ಗೆ, ಅಂದರೆ ಟೆಸ್ಟಿಗೆ ಮೊದಲು ಬೇಕಾದ ಕಲಿಯುವವರ ಲೈಸೆನ್ಸಿಗೆ, ಅರ್ಜಿಯನ್ನೇ ಹಾಕಿರಲಿಲ್ಲ, ಆ ರಾತ್ರಿಯೇ ಹಾಕಿಸಿದೆ, 34 ಪೌಂಡ್. ಅಲ್ಲಿನ ಲೈಸೆನ್ಸ್ ಕೈಗೆ ಬಂದರೆ ಮುಂದಿನ ವರ್ಷದ ಇನ್ಶೂರೆನ್ಸ್ ಕೂಡ ಇಳಿಯುತ್ತದೆ.

ಇನ್ನೂ ಹೊರಡದವರು ಊರಿನಲ್ಲಿದ್ದಾಗಲೇ ಲೈಸೆನ್ಸ್ ಕಾರ್ಡ್ ತೆಗೆದು ನೋಡಿ. ಮುಂದಿನ ಒಂದು ವರ್ಷದೊಳಗೆ ಅವಧಿ ಮುಗಿಯುವಂತಿದ್ದರೆ, ಮೊದಲು ಕೊಟ್ಟ ದಿನಾಂಕ ಅಳಿಸಿದ್ದರೆ, ಆರ್‌ಟಿಒಗೆ ಹೋಗಿ ಸರಿ ಮಾಡಿಸಿಕೊಂಡೇ ವಿಮಾನ ಹತ್ತಿ. ಎಷ್ಟು ವರ್ಷದಿಂದ ಲೈಸೆನ್ಸ್ ಇದೆ ಎಂದು ಪ್ರತಿ ಕಂಪನಿಯೂ ಕೇಳುತ್ತದೆ, ಉತ್ತರ ಆ ಕಾರ್ಡಿನ ಮೇಲೆ ಇರಬೇಕು.