ನವೆಂಬರ್ ಬಂತು: ಮುಂಬೈಯಲ್ಲಿದ್ದುಕೊಂಡು ಊರಿನ ಸತ್ತವರಿಗಾಗಿ ಪ್ರಾರ್ಥಿಸುವುದು ಹೇಗೆ

ಅಕ್ಟೋಬರ್ ಕೊನೆಗೆ ನಮ್ಮ ಕನ್ನಡ ಹುಡುಗಿಯರ ಫೋನು ಶುರುವಾಗುತ್ತದೆ. "ಅಕ್ಕಾ, ಅಜ್ಜಿ ಸಮಾಧಿ ಹಾಸನದ ಕಡೆ ಇದೆ. ರಜೆ ಸಿಗಲ್ಲ. ಇಲ್ಲಿಂದಲೇ ಏನಾದ್ರೂ ಮಾಡಬಹುದಾ?" ಮಾಡಬಹುದು. ವಡಾಲಕ್ಕೆ ಬಂದು 30 ವರ್ಷ ಆಯಿತು, ನಾನೂ ಹೀಗೇ ಕಲಿತದ್ದು.

ನವೆಂಬರ್ 2 ನಮ್ಮ ಕ್ಯಾಥೊಲಿಕರಿಗೆ ಸಕಲ ಮೃತರ ದಿನ. ಆದರೆ ಅವತ್ತೊಂದೇ ದಿನ ಅಲ್ಲ. 1ರಿಂದ 8ರವರೆಗೆ ಯಾವ ದಿನವಾದರೂ ಸ್ಮಶಾನಕ್ಕೆ ಹೋಗಿ ಸತ್ತವರಿಗಾಗಿ ಪ್ರಾರ್ಥಿಸಿದರೆ ಅವರಿಗೆ ಪೂರ್ಣ ಇಂಡಲ್ಜೆನ್ಸ್, ಅಂದರೆ ಪಾಪ ಕ್ಷಮೆಯಾದ ಮೇಲೂ ಉಳಿಯುವ ಶಿಕ್ಷೆಯ ಪೂರ್ತಿ ಮಾಫಿ, ಸಿಗುತ್ತದೆ. ಅಜ್ಜಿ ಮಲಗಿರುವ ಸ್ಮಶಾನವೇ ಆಗಬೇಕಿಲ್ಲ. ನಾನು ಶಿವಡಿಗೆ ಹೋಗುತ್ತೇನೆ. 2ನೇ ತಾರೀಕು ಅಲ್ಲಿ ಜನ ಜಾಸ್ತಿ, ಆಮೇಲಿನ ದಿನಗಳಲ್ಲಿ ಹೋಗಿ. ಮೇಣದಬತ್ತಿಗೆ ಒಂದು ತೆಂಗಿನ ಚಿಪ್ಪು ಒಯ್ಯಿರಿ, ಗಾಳಿಗೆ ಆರುವುದಿಲ್ಲ. ಹೋಗಲು ಆಗಲೇ ಇಲ್ಲವಾ? 2ರಂದು ಯಾವುದಾದರೂ ಚರ್ಚಿನಲ್ಲಿ ಪರಲೋಕ ಮಂತ್ರ ಮತ್ತು ವಿಶ್ವಾಸ ಸಂಗ್ರಹ ಹೇಳಿದರೂ ಆಯಿತು. ಜೊತೆಗೆ ಪಾಪನಿವೇದನೆ, ಪರಮಪ್ರಸಾದ, ಪೋಪರ ಉದ್ದೇಶಗಳಿಗಾಗಿ ಒಂದು ಪ್ರಾರ್ಥನೆ. ಪಾಪದ ಮೇಲೆ ಆಸೆ ಉಳಿದಿರಬಾರದು ಅಂತಲೂ ಇದೆ. ಕಷ್ಟದ್ದು ಅದೇ.

ಲೆಕ್ಕ ಇಡಬೇಡಿ. ಅಮ್ಮನ ಹಳೇ ಜಪಪುಸ್ತಕದಲ್ಲಿ ಒಂದೊಂದು ಪ್ರಾರ್ಥನೆಯ ಕೆಳಗೂ "300 ದಿನ" ಅಂತ ಅಚ್ಚಾಗಿತ್ತು. ಅವಳು ಗೋಡೆಯ ಮೇಲೆ ಇದ್ದಲಿನಲ್ಲಿ ಗೆರೆ ಎಳೆದು ತಾತನಿಗೆ ಎಷ್ಟು ದಿನ ಕಡಿಮೆಯಾಯಿತು ಅಂತ ಕೂಡಿಸುತ್ತಿದ್ದಳು. ಪಾಪ, ಆ ದಿನಗಳು ಉತ್ತರಿಸುವ ಸ್ಥಳದ, ಅಂದರೆ ಸತ್ತವರು ಸ್ವರ್ಗಕ್ಕೆ ಮೊದಲು ಶುದ್ಧರಾಗುವ ಪರ್ಗೆಟರಿಯ, ದಿನಗಳೇ ಆಗಿರಲಿಲ್ಲ. ಹಳೇ ಕಾಲದಲ್ಲಿ ಭೂಮಿಯ ಮೇಲೆ ಮಾಡುತ್ತಿದ್ದ ಪ್ರಾಯಶ್ಚಿತ್ತದ ದಿನಗಳು ಅವು. 1967ರಲ್ಲಿ ಆರನೇ ಪೌಲ್ ಪೋಪರು ಆ ಲೆಕ್ಕವನ್ನೇ ತೆಗೆದುಹಾಕಿದರು.

ಉತ್ತರಿಸುವ ಸ್ಥಳ ಅಂದರೆ ಸ್ವರ್ಗಕ್ಕೂ ನರಕಕ್ಕೂ ನಡುವಿನ ಸ್ಟೇಷನ್ ಅಲ್ಲ. ಅಲ್ಲಿಂದ ನರಕಕ್ಕೆ ದಾರಿಯಿಲ್ಲ. ಅಲ್ಲಿರುವವರೆಲ್ಲ ಸ್ವರ್ಗ ಸೇರುವವರೇ. ಊರಲ್ಲಿ ಜಗಲಿಯ ಹತ್ತಿರ ಚೊಂಬಿನಲ್ಲಿ ನೀರು ಇಟ್ಟಿರುತ್ತಾರಲ್ಲ, ಮನೆ ನಿಮ್ಮದೇ, ಆದರೆ ಕೆಸರು ಕಾಲು ತೊಳೆದು ಒಳಗೆ ಬನ್ನಿ ಅಂತ. ನನಗೆ ಅದು ಅರ್ಥವಾಗಿದ್ದು ಹಾಗೆ. ನಮ್ಮ ಪ್ರಾರ್ಥನೆ ಆ ನೀರು ಹೊಯ್ಯುವ ಕೈ.

ಸತ್ತವರ ಹೆಸರಿನಲ್ಲಿ ಚರ್ಚಿನ ಪೂಜೆ (ಮಾಸ್) ಬರೆಸುವುದು ಸುಲಭ. ಚರ್ಚಿನ ಆಫೀಸಿನಲ್ಲಿ ಸತ್ತವರ ಹೆಸರು, ಬೇಕಾದ ತಾರೀಕು ಕೊಡಿ. ಹೆಸರು ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ಒಂದು ಕಡೆ ನಮ್ಮ ಚಿನ್ನಮ್ಮಜ್ಜಿಯನ್ನು "ಚಿಮನ್‌ಲಾಲ್" ಅಂತ ಓದಿಬಿಟ್ಟರು! ಕೈಯಲ್ಲಿ ದುಡ್ಡಿಲ್ಲದಿದ್ದರೆ ಫಾದರ್ ಹತ್ತಿರ ನೇರವಾಗಿ ಹೇಳಿ. ಬಡವರಿಗಾಗಿ ಕಾಣಿಕೆ ಇಲ್ಲದೆಯೂ ಪೂಜೆ ಅರ್ಪಿಸಿ ಅಂತ ಚರ್ಚಿನ ಕಾನೂನೇ ಗುರುಗಳಿಗೆ ಹೇಳುತ್ತದೆ.

ಇಲ್ಲೇ ಯಾರನ್ನಾದರೂ ಮಣ್ಣು ಮಾಡಿದ್ದರೆ ರಸೀದಿ ಜೋಪಾನ. ಮುಂಬೈಯಲ್ಲಿ ಜಾಗವಿಲ್ಲ, ಕೆಲವು ವರ್ಷದ ಮೇಲೆ ಗುಂಡಿ ತೆರೆದು ಮೂಳೆಗಳನ್ನು ಗೋಡೆಯ ಗೂಡಿಗೆ ಹಾಕುತ್ತಾರೆ. ಯಾವಾಗ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ದಹನಕ್ಕೆ 1963ರಿಂದ ಅಡ್ಡಿಯಿಲ್ಲ. ಆದರೆ ಬೂದಿಯನ್ನು ಸಮುದ್ರಕ್ಕೆ ಚೆಲ್ಲುವಂತಿಲ್ಲ.

ಈಗ ಯಾರೂ ಜೋರಾಗಿ ಕೇಳದ ಪ್ರಶ್ನೆ. ಜ್ಞಾನಸ್ನಾನ (ಬ್ಯಾಪ್ಟಿಸಂ) ಆಗದೆ ತೀರಿಹೋದ ಮಗುವಿನ ಗತಿ ಏನು?

ನನಗಿಂತ ಮೊದಲು ಅಮ್ಮನಿಗೊಂದು ಗಂಡು ಮಗು ಹುಟ್ಟಿ ಎರಡನೇ ದಿನ ಹೋಯಿತು. ಸ್ಮಶಾನದ ಗೋಡೆಯ ಆಚೆ ಹೂಳಿಸಿದರು. ಮಗು ಲಿಂಬೊದಲ್ಲಿದೆ, ನೋವಿಲ್ಲ, ಆದರೆ ದೇವರ ಮುಖ ಕಾಣುವುದಿಲ್ಲ ಅಂದರಂತೆ. ಲಿಂಬೊ ಅಂದರೆ ಲ್ಯಾಟಿನ್‌ನಲ್ಲಿ ಬಟ್ಟೆಯ ಅಂಚು. ನಮ್ಮ ಅಣ್ಣ ಸತ್ತ ಮೇಲೂ ಅಂಚಿನಲ್ಲೇ ಉಳಿದ. ಅಮ್ಮ ಅದನ್ನು ಬಾಯಿಬಿಟ್ಟು ಹೇಳಿದ್ದು ನನ್ನ ಹೆರಿಗೆಯ ಹೊತ್ತಿಗೆ.

ಲಿಂಬೊ ಚರ್ಚಿನ ಕಡ್ಡಾಯ ನಂಬಿಕೆ ಯಾವತ್ತೂ ಆಗಿರಲಿಲ್ಲ. ಮಧ್ಯಯುಗದ ದೇವಶಾಸ್ತ್ರಜ್ಞರ ಊಹೆ ಅದು. ಅಂಥ ಮಕ್ಕಳನ್ನು ಚರ್ಚು ದೇವರ ಕರುಣೆಗೆ ಒಪ್ಪಿಸುತ್ತದೆ ಅಂತ 1992ರ ಧರ್ಮೋಪದೇಶ ಗ್ರಂಥ ಹೇಳಿತು. 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ, ಆ ಮಕ್ಕಳಿಗೆ ರಕ್ಷಣೆ ಸಿಗುತ್ತದೆ ಅಂತ ಆಶಿಸಲು ಗಟ್ಟಿ ಕಾರಣಗಳಿವೆ ಅಂತ ಬರೆಯಿತು. ಖಚಿತ ಅನ್ನಲಿಲ್ಲ, ಆಶೆ ಅಂದಿತು. ಅಮ್ಮನಿಗೆ ಅಷ್ಟು ಸಾಕಾಯಿತು.

ಹಾಗಾಗಿ ಮೂರು ಮಾತು ನೆನಪಿಡಿ. ಮಗುವಿನ ಜೀವಕ್ಕೆ ಅಪಾಯವಿದ್ದರೆ ಫಾದರ್ ಬರಲಿ ಅಂತ ಕಾಯಬೇಡಿ. ಯಾರು ಬೇಕಾದರೂ, ನರ್ಸ್ ಕೂಡ, ತಲೆಯ ಮೇಲೆ ನೀರು ಹೊಯ್ಯುತ್ತಾ "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ" ಅಂದರೆ ಸಾಕು, ಚರ್ಚು ಮಾಡುವುದನ್ನೇ ಮಾಡುವ ಮನಸ್ಸಿರಬೇಕು ಅಷ್ಟೆ. ಅದೂ ಆಗದೆ ಹೋದರೆ, ಜ್ಞಾನಸ್ನಾನ ಕೊಡಿಸುವ ಇಚ್ಛೆ ತಂದೆತಾಯಿಗೆ ಇದ್ದರೆ, ಬಿಷಪರ ಅನುಮತಿಯಿಂದ ಚರ್ಚಿನ ಅಂತ್ಯಸಂಸ್ಕಾರ ಮಾಡಿಸಬಹುದು. ಕೇಳಿ ಪಡೆಯಿರಿ. ಇನ್ನು ಪೂಜೆ. ಹಸುಗೂಸಿಗೆ ತಾನು ಮಾಡಿದ ಪಾಪವೇ ಇಲ್ಲ, ತೊಳೆಯಲು ಕೆಸರಿಲ್ಲ. ಪೂಜೆ ಬೇಕಾಗಿರುವುದು ಹೆತ್ತವಳಿಗೆ.

ಅಣ್ಣನಿಗೆ ಹೆಸರಿಟ್ಟಿರಲಿಲ್ಲ. ಪ್ರತಿ ನವೆಂಬರಿನಲ್ಲೂ ಆಫೀಸಿನ ಚೀಟಿಯಲ್ಲಿ ಹೆಸರಿನ ಜಾಗಕ್ಕೆ ನಾನು "ಪುಟ್ಟ ಮತ್ತು ಅವನ ತಾಯಿ" ಅಂತ ಬರೆಯುತ್ತೇನೆ. ಈಚೆಗೆ ಅಲ್ಲಿನವರು ಏನೂ ಕೇಳುವುದಿಲ್ಲ.